ಆರೈಕೆಯನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಸಾಗಿಸುವುದು

ಬೆನ್ನುಹುರಿಗೆ ಪೆಟ್ಟಾಗಿ ಎದೆಯಿಂದ ಕೆಳಗೆ ಚಲನೆಯನ್ನೂ ಸ್ಪರ್ಶವನ್ನೂ ಕಳೆದುಕೊಂಡಿರುವ ನನ್ನ ಗೆಳತಿ ಈಚೆಗೆ ತನ್ನ ಹಳೆಯ ಮನೆಯನ್ನು ಬಿಟ್ಟು, ಹಗಲೂ ರಾತ್ರಿಯೂ ಆರೈಕೆಯ ನೆರವು ಸಿಗುವ ಹೊಸ ವಸತಿಗೆ ಬಂದಳು. ಆ ಬದಲಾವಣೆಯಲ್ಲಿ ಅವಳ ಜೊತೆಗಿದ್ದ ಕೆಲವರಲ್ಲಿ ನಾನೂ ಒಬ್ಬಳು. ಅವಳ ಒಪ್ಪಿಗೆ ಪಡೆದು, ಗುರುತು ಹತ್ತಬಹುದಾದ ವಿವರಗಳನ್ನು ಕೈಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಮನೆ ಬದಲಿಸುವುದರ ಬಗ್ಗೆ ಓದಲು ಬೇಕಾದಷ್ಟು ಸಿಗುತ್ತದೆ, ಗಾಲಿಕುರ್ಚಿಗೆ ತಕ್ಕ ಮನೆ ಹೇಗಿರಬೇಕೆಂಬುದರ ಬಗ್ಗೆಯೂ ಒಂದಷ್ಟು ಸಿಗುತ್ತದೆ. ಆದರೆ ದಿನದ ಹತ್ತಾರು ಕೆಲಸಗಳಿಗೆ ಇನ್ನೊಬ್ಬರ ಕೈಯನ್ನು ನೆಚ್ಚಿಕೊಂಡವರು ಒಂದು ಕೈಯಿಂದ ಮತ್ತೊಂದು ಕೈಗೆ ಹೋಗುವ ನಡುವಿನ ಅವಧಿಯನ್ನು ಹೇಗೆ ದಾಟಬೇಕೆಂಬುದರ ಬಗ್ಗೆ ನಮಗೆ ಹೆಚ್ಚೇನೂ ಸಿಗಲಿಲ್ಲ. ನಮ್ಮ ಶ್ರಮದ ಬಹುಪಾಲು ಹೋದದ್ದು ಅಲ್ಲಿಗೇ.

ಅವಳು ಮನೆ ಬಿಡಲು ಎರಡು ಕಾರಣಗಳಿದ್ದವು. ಮೊದಲನೆಯದನ್ನು ಎಲ್ಲರೂ ಸುಲಭವಾಗಿ ಒಪ್ಪಿಕೊಂಡರು. ವರ್ಷಗಟ್ಟಲೆ ಗಾಲಿಕುರ್ಚಿಯ ಚಕ್ರ ತಳ್ಳಿ, ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ ತೋಳುಗಳ ಬಲದಿಂದಲೇ ದಾಟಿ ದಾಟಿ ಅವಳ ಭುಜದ ಕೀಲುಗಳು ಸವೆದಿದ್ದವು. ಗಾಲಿಕುರ್ಚಿಯನ್ನು ದೀರ್ಘಕಾಲ ಬಳಸಿದವರಲ್ಲಿ ಇದು ತೀರ ಸಾಮಾನ್ಯ. ಹಿಂದೆ ತಾನೇ ನಿಭಾಯಿಸುತ್ತಿದ್ದ ಹೊಸ್ತಿಲು, ಮೆಟ್ಟಿಲು ಮತ್ತು ಇಕ್ಕಟ್ಟಾದ ಬಚ್ಚಲುಮನೆ ಈಗ ಬೀಳುವ ಜಾಗಗಳಾಗಿದ್ದವು. ಎರಡನೆಯ ಕಾರಣವನ್ನು ಅವಳು ಬಹಳ ತಡವಾಗಿ ಬಾಯಿಬಿಟ್ಟು ಹೇಳಿದಳು. ಅವಳನ್ನು ನೋಡಿಕೊಳ್ಳುತ್ತಿದ್ದ ವ್ಯಕ್ತಿ ರಾತ್ರಿ ಗಾಲಿಕುರ್ಚಿಯನ್ನು ಅವಳ ಕೈಗೆ ಎಟುಕದ ಮೂಲೆಯಲ್ಲಿ ನಿಲ್ಲಿಸುವುದು, ಫೋನನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕುವುದು, ಬ್ಯಾಂಕಿನ ಕಾರ್ಡನ್ನು ತನ್ನಲ್ಲೇ ಇಟ್ಟುಕೊಳ್ಳುವುದು, ಮಾತಿಗೆ ಮಾತು ಬೆಳೆದ ದಿನ ಶೌಚದ ಸರದಿಯನ್ನು ಬೇಕೆಂದೇ ತಡಮಾಡುವುದು, ಹೀಗೆ ನಡೆದುಕೊಳ್ಳುತ್ತಿದ್ದರು. ಹೊಡೆತವಿಲ್ಲ, ಬೈಗುಳವೂ ಅಪರೂಪ. ಆದ್ದರಿಂದ ಹೊರಗಿನಿಂದ ಬಂದವರ ಕಣ್ಣಿಗೆ ಇದು ಹಿಂಸೆಯಾಗಿ ಕಾಣುತ್ತಿರಲಿಲ್ಲ. ಕಾಲಿರುವವರಿಗೆ ಬಾಗಿಲನ್ನು ಹೊರಗಿನಿಂದ ಹಾಕಿದರೆ ಅದು ಕೂಡಿಹಾಕಿದಂತೆ ಎಂದು ಎಲ್ಲರಿಗೂ ತಿಳಿಯುತ್ತದೆ. ಕುರ್ಚಿಯನ್ನು ನಾಲ್ಕು ಅಡಿ ದೂರ ಸರಿಸಿದರೂ ಆಗುವುದು ಅದೇ ಎಂಬುದು ಅಷ್ಟು ಬೇಗ ಹೊಳೆಯುವುದಿಲ್ಲ.

ಅಂಗವಿಕಲರ ಹಕ್ಕುಗಳ ಕುರಿತು ವಿಶ್ವಸಂಸ್ಥೆಯು 2006ರ ಡಿಸೆಂಬರಿನಲ್ಲಿ ಅಂಗೀಕರಿಸಿದ, 2008ರ ಮೇ ತಿಂಗಳಿನಲ್ಲಿ ಜಾರಿಗೆ ಬಂದ ಒಡಂಬಡಿಕೆಯಲ್ಲಿ ಹಿಂಸೆಯಿಂದ ಪಾರಾಗುವುದಕ್ಕೂ ಬದುಕುವ ಜಾಗವನ್ನು ಆರಿಸಿಕೊಳ್ಳುವುದಕ್ಕೂ ಬೇರೆಬೇರೆ ವಿಧಿಗಳಿವೆ. 16ನೆಯ ವಿಧಿ ಶೋಷಣೆ, ಹಿಂಸೆ ಮತ್ತು ದುರ್ಬಳಕೆಯಿಂದ ರಕ್ಷಣೆಯನ್ನು ಕುರಿತದ್ದು. 19ನೆಯ ವಿಧಿಯ ಪ್ರಕಾರ, ಎಲ್ಲಿ ಮತ್ತು ಯಾರೊಡನೆ ಬದುಕಬೇಕೆಂಬುದನ್ನು ಅಂಗವಿಕಲರು ಉಳಿದವರಂತೆಯೇ ತಾವೇ ಆರಿಸಿಕೊಳ್ಳಬಹುದು, ನಿರ್ದಿಷ್ಟ ಬಗೆಯ ವಸತಿಯಲ್ಲೇ ಇರಬೇಕೆಂದು ಅವರನ್ನು ಕಟ್ಟಿಹಾಕುವಂತಿಲ್ಲ. ನನ್ನ ಅನುಭವದಲ್ಲಿ ಮೊದಲನೆಯದನ್ನು ಜನ ಕೂಡಲೇ ಒಪ್ಪುತ್ತಾರೆ, ಎರಡನೆಯದಕ್ಕೆ ಬಂದಾಗ ಹಿಂಜರಿಯುತ್ತಾರೆ. ಗೆಳತಿಗೆ ಅಪಾಯವಿದೆ ಎಂದು ತಿಳಿದ ಕೂಡಲೇ ಬಂಧುಗಳೂ ಹಿತೈಷಿಗಳೂ ಯಾವುದಾದರೂ ಸಂಸ್ಥೆಗೆ ಸೇರಿಸಿಬಿಡೋಣ ಎಂದು ತಮ್ಮತಮ್ಮಲ್ಲೇ ಮಾತನಾಡಿಕೊಂಡರು. ಅವಳ ಕೋಣೆಯ ಪಕ್ಕದಲ್ಲೇ ಈ ಸಮಾಲೋಚನೆ ನಡೆಯುತ್ತಿತ್ತು. ಅವಳನ್ನು ಮಾತ್ರ ಯಾರೂ ಕರೆದಿರಲಿಲ್ಲ. ಅಪಾಯದಿಂದ ಹೊರಗೆ ತರುವ ಅವಸರದಲ್ಲಿ ಒಬ್ಬರ ಹಿಡಿತದಿಂದ ಬಿಡಿಸಿ ಇನ್ನೊಬ್ಬರ ಹಿಡಿತಕ್ಕೆ ಒಪ್ಪಿಸಿದರೆ ಏನು ಸಾಧಿಸಿದಂತಾಯಿತು? “ನನ್ನ ಬಗ್ಗೆ ಅವರನ್ನು ಕೇಳಬೇಡ, ನನ್ನನ್ನೇ ಕೇಳು” ಎಂದು ಅವಳು ನನಗೆ ಹೇಳಿದ್ದಳು. ಅಲ್ಲಿಂದ ಮುಂದೆ ಪ್ರತಿ ನಿರ್ಧಾರವೂ ಅವಳೆದುರಿಗೇ ಆಗಬೇಕು, ಅವಳಿಲ್ಲದ ಸಭೆಯಲ್ಲಿ ನಾವು ಕೂರುವುದಿಲ್ಲ ಎಂದು ಗೆಳೆಯರೆಲ್ಲ ಗೊತ್ತುಮಾಡಿಕೊಂಡೆವು. ಇದರಿಂದ ಕೆಲಸ ನಿಧಾನವಾಯಿತು. ಕೆಲವರಿಗೆ ಬೇಸರವೂ ಆಯಿತು.

ಇಂಥ ಮನೆಯಿಂದ ಹೊರಬರುವಾಗ ಯಾವುದರ ನಂತರ ಯಾವುದು ಎಂಬ ಕ್ರಮಕ್ಕೆ ಬಹಳ ಬೆಲೆಯಿದೆ. ನೋಡಿಕೊಳ್ಳುವವರೇ ಅಪಾಯದ ಮೂಲವಾಗಿದ್ದಾಗ ವಿಷಯ ತಿಳಿದ ಸಂಜೆಯೇ ಅವರು ಸಿಟ್ಟಿನಿಂದ ಎದ್ದು ಹೋದರೂ ಸಾಕು, ಹಾಸಿಗೆಯ ಮೇಲಿರುವವರು ಹಾಸಿಗೆಯ ಮೇಲೆಯೇ ಉಳಿಯುತ್ತಾರೆ. ಆದ್ದರಿಂದ ಬದಲಿ ಆರೈಕೆ ಗೊತ್ತಾಗುವ ತನಕ ನಾವು ಮನೆ ಬಿಡುವ ಮಾತನ್ನೇ ಎತ್ತಲಿಲ್ಲ. ಅದಕ್ಕೂ ಮೊದಲು ಅವಳ ಗುರುತಿನ ಪತ್ರಗಳು, ಅಂಗವೈಕಲ್ಯದ ಪ್ರಮಾಣಪತ್ರ, ಆಸ್ಪತ್ರೆಯ ದಾಖಲೆಗಳು ಮತ್ತು ಔಷಧಿ ಚೀಟಿಗಳ ಪ್ರತಿಗಳನ್ನು ಹೊರಗೆ ಸುರಕ್ಷಿತವಾದ ಕಡೆ ಇರಿಸಿದೆವು. ಬ್ಯಾಂಕಿನ ಗುಪ್ತಸಂಖ್ಯೆಯನ್ನು ಅವಳೇ ಬದಲಿಸಿದಳು. ಖಾತೆಗೆ ಜೋಡಿಸಿದ್ದ ಫೋನ್ ಸಂಖ್ಯೆ ನಿಜವಾಗಿ ಅವಳ ಕೈಯಲ್ಲಿರುವ ಫೋನಿನದ್ದೇ ಎಂಬುದನ್ನು ಖಚಿತಪಡಿಸಿಕೊಂಡೆವು. ವಿಷಯ ತಿಳಿಸುವ ದಿನ ಅವಳ ಜೊತೆ ಇಬ್ಬರಿದ್ದರು, ಆ ರಾತ್ರಿಯೂ ಅಲ್ಲೇ ಉಳಿದರು. ಹೇಳಬೇಕಾದ್ದನ್ನು ಹೇಳಿದವಳು ಅವಳೇ.

ಇಲ್ಲೊಂದು ಮಾತನ್ನು ಹೇಳದಿದ್ದರೆ ಚಿತ್ರ ಪೂರ್ಣವಾಗುವುದಿಲ್ಲ. ಆ ವ್ಯಕ್ತಿಯ ಬಗ್ಗೆ ಅವಳಲ್ಲಿ ಭಯವಷ್ಟೇ ಇರಲಿಲ್ಲ, ಕೃತಜ್ಞತೆಯೂ ಇತ್ತು. ಜ್ವರದ ರಾತ್ರಿಗಳಲ್ಲಿ ಎದ್ದು ಕೂತವರೂ ಅವರೇ, ಕುರ್ಚಿಯನ್ನು ದೂರ ಸರಿಸಿದವರೂ ಅವರೇ. ಇದು ನುಂಗಲೂ ಆಗದ, ಉಗುಳಲೂ ಆಗದ ಸ್ಥಿತಿ. “ಇಷ್ಟು ದಿನ ಏಕೆ ಸಹಿಸಿಕೊಂಡೆ?” ಎಂದು ಕೇಳುವವರು ದಿನಕ್ಕೆ ಆರೇಳು ಬಾರಿ ತಮ್ಮ ದೇಹವನ್ನು ಇನ್ನೊಬ್ಬರ ಕೈಗೆ ಒಪ್ಪಿಸಬೇಕಾದ ಬದುಕನ್ನು ಒಂದು ವಾರವಾದರೂ ಮನಸ್ಸಿನಲ್ಲೇ ಬದುಕಿ ನೋಡಬೇಕು.

ಇನ್ನು ವಸತಿಯ ಹುಡುಕಾಟ. “ಗಾಲಿಕುರ್ಚಿಗೆ ಅನುಕೂಲವಿದೆ” ಎಂಬ ಮಾತನ್ನು ಎಷ್ಟು ಕಡೆ ಕೇಳಿದೆವೋ ಅಷ್ಟೂ ಕಡೆ ಅದಕ್ಕೆ ಬೇರೆಬೇರೆ ಅರ್ಥವಿತ್ತು. ಒಂದು ಕಡೆ ಮುಂಬಾಗಿಲಿಗೆ ಇಳಿಜಾರು ಕಟ್ಟಿದ್ದೇ ಅನುಕೂಲ, ಇನ್ನೊಂದು ಕಡೆ ಲಿಫ್ಟ್ ಇರುವುದೇ ಅನುಕೂಲ. ಹಾಗಾಗಿ ನಾವು ಅಳತೆಪಟ್ಟಿಯನ್ನು ಹಿಡಿದೇ ಹೋಗುತ್ತಿದ್ದೆವು. ಬಾಗಿಲು ತೆರೆದಾಗ ನಿಜವಾಗಿ ಉಳಿಯುವ ಅಗಲ 90 ಸೆಂಟಿಮೀಟರಿನಷ್ಟಿದ್ದರೆ ಚಕ್ರ ತಳ್ಳುವ ಬೆರಳುಗಳು ಚೌಕಟ್ಟಿಗೆ ಉಜ್ಜುವುದಿಲ್ಲ. ಕುರ್ಚಿ ಪೂರ್ತಿ ಸುತ್ತು ತಿರುಗಲು ಸುಮಾರು 150 ಸೆಂಟಿಮೀಟರ್ ವ್ಯಾಸದ ತೆರವು ಬೇಕು, ಅದೂ ಸಾಮಾನುಗಳನ್ನು ಇಟ್ಟ ಮೇಲೆ. ಇಳಿಜಾರಿಗೆ ಸಾಮಾನ್ಯವಾಗಿ ಒಪ್ಪಿಕೊಂಡಿರುವ ಲೆಕ್ಕ ಒಂದಕ್ಕೆ ಹನ್ನೆರಡು, ಎಂದರೆ 15 ಸೆಂಟಿಮೀಟರ್ ಎತ್ತರದ ಒಂದೇ ಒಂದು ಮೆಟ್ಟಿಲನ್ನು ದಾಟಲು 180 ಸೆಂಟಿಮೀಟರ್ ಉದ್ದದ ಇಳಿಜಾರು ಬೇಕು. ಹೆಚ್ಚಿನ ಕಡೆ ಇದ್ದದ್ದು ಅದರ ಅರ್ಧ ಉದ್ದದ, ಬೈಕ್ ಹತ್ತಿಸಲು ಕಟ್ಟಿದಂಥ ಇಳಿಜಾರು. ಭುಜ ನೋಯುವ ಗೆಳತಿ ಅದರ ಮೇಲೆ ತಾನಾಗಿ ಹತ್ತಲಾರಳು. ತಾನಾಗಿ ಹತ್ತಲಾರದ ಇಳಿಜಾರು ಅವಳಿಗೆ ಹೊರಗೆ ಹೋಗುವ ದಾರಿಯಲ್ಲ.

ಬಚ್ಚಲುಮನೆಯಲ್ಲಿ ನಾವು ಹೆಚ್ಚು ಹೊತ್ತು ಕಳೆದೆವು. ಕಮೋಡಿನ ಒಂದು ಬದಿಯಲ್ಲಾದರೂ ಕುರ್ಚಿ ನಿಲ್ಲಿಸುವಷ್ಟು ಜಾಗವಿದೆಯೇ, ಅದು ಅವಳಿಗೆ ಬಲ ಹೆಚ್ಚಿರುವ ತೋಳಿನ ಬದಿಯೇ, ಕಮೋಡಿನ ಎತ್ತರವೂ ಕುರ್ಚಿಯ ಆಸನದ ಎತ್ತರವೂ ಹೆಚ್ಚುಕಡಿಮೆ ಒಂದೇ ಇವೆಯೇ, ಹಿಡಿಕಂಬಿಯನ್ನು ಗಟ್ಟಿ ಗೋಡೆಗೆ ಬೋಲ್ಟ್ ಮಾಡಿದ್ದಾರೆಯೇ ಅಥವಾ ಟವೆಲ್ ಹಾಕುವ ಸರಳನ್ನೇ ಹಿಡಿಕಂಬಿ ಎಂದು ತೋರಿಸುತ್ತಿದ್ದಾರೆಯೇ ಎಂದು ನೋಡಿದೆವು. ಬಾಗಿಲು ಹೊರಗೆ ತೆರೆಯಬೇಕು ಅಥವಾ ಪಕ್ಕಕ್ಕೆ ಜಾರಬೇಕು. ಒಳಗೆ ತೆರೆಯುವ ಬಾಗಿಲಿಗೆ ಅಡ್ಡವಾಗಿ ಯಾರಾದರೂ ಬಿದ್ದರೆ ನೆರವಿಗೆ ಬಂದವರು ಅದನ್ನು ತಳ್ಳಲಾರರು. ಬಿಸಿನೀರಿನ ವಿಚಾರ ಇನ್ನೂ ಸೂಕ್ಷ್ಮ. ಸ್ಪರ್ಶವಿಲ್ಲದ ಕಾಲಿನ ಮೇಲೆ ಸುಡುನೀರು ಬಿದ್ದರೆ ತಿಳಿಯುವುದು ಬೊಬ್ಬೆ ಎದ್ದ ಮೇಲೆ. ನೀರಿನ ಬಿಸಿಗೆ ಮಿತಿ ಹಾಕುವ ನಲ್ಲಿ ಇದೆಯೇ ಎಂದು ಕೇಳಿದಾಗ ಮನೆ ತೋರಿಸುವವರು ನಮ್ಮ ಮುಖ ನೋಡುತ್ತಿದ್ದರು.

ಲಿಫ್ಟ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಠಿಣವಾದದ್ದು. ಬೆಂಕಿ ಬಿದ್ದಾಗ ಸಾಮಾನ್ಯ ಲಿಫ್ಟನ್ನು ಬಳಸಬಾರದೆಂಬ ನಿಯಮ ಎಲ್ಲ ಕಡೆಯೂ ಇದೆ. ಹಾಗಿದ್ದ ಮೇಲೆ ಐದನೆಯ ಮಹಡಿಯಲ್ಲಿರುವ ಗಾಲಿಕುರ್ಚಿಯವರು ಹೇಗೆ ಇಳಿಯಬೇಕೆಂಬ ಪ್ರಶ್ನೆಗೆ ವಸತಿಯವರಲ್ಲಿ ಬರೆದಿಟ್ಟ ಉತ್ತರವಿರಬೇಕು: ಹೊಗೆ ನುಗ್ಗದ ಆಶ್ರಯದ ಜಾಗ ಎಲ್ಲಿ, ಮೆಟ್ಟಿಲಿಳಿಸುವ ಕುರ್ಚಿ ಎಲ್ಲಿ, ಅದನ್ನು ಬಳಸಲು ಕಲಿತವರು ರಾತ್ರಿ ಪಾಳಿಯಲ್ಲಿ ಯಾರು. “ನಾಲ್ಕು ಜನ ಸೇರಿ ಎತ್ತಿಕೊಂಡು ಹೋಗುತ್ತೇವೆ” ಎಂಬುದು ಉತ್ತರವಲ್ಲ. ಕೊನೆಗೆ ಗೆಳತಿ ನೆಲಮಹಡಿಯನ್ನೇ ಆರಿಸಿದಳು. ನೋಟ ಚೆನ್ನಾಗಿಲ್ಲ, ಎದುರಿಗೆ ವಾಹನ ನಿಲ್ಲಿಸುವ ಜಾಗ. ಅವಳಿಗೆ ಅದು ಸಣ್ಣ ಬೆಲೆಯಾಗಿ ಕಂಡಿತು.

ಕೋಣೆಯ ಬಿಸಿಲನ್ನೂ ನೋಡಬೇಕೆಂದು ಅವಳು ಹೇಳಿದಾಗ ನಮಗೆ ಅಚ್ಚರಿಯಾಯಿತು. ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟಾದವರಲ್ಲಿ ಪೆಟ್ಟಿನ ಮಟ್ಟದಿಂದ ಕೆಳಗೆ ಬೆವರುವಿಕೆ ಸರಿಯಾಗಿ ನಡೆಯುವುದಿಲ್ಲ, ಆದ್ದರಿಂದ ಸುತ್ತಲಿನ ಸೆಕೆ ಏರಿದಂತೆ ದೇಹದ ಬಿಸಿಯೂ ಏರುತ್ತದೆ. ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವ ಕೋಣೆ ಅವಳಿಗೆ ಬರಿಯ ಅಸೌಕರ್ಯವಲ್ಲ, ಕಾಯಿಲೆ.

ಕಟ್ಟಡವನ್ನು ಅಳೆಯಬಹುದು, ಆರೈಕೆಯನ್ನು ಅಳೆಯುವುದು ಕಷ್ಟ. ನಾವು ಆದಷ್ಟೂ ಸಂಜೆ, ಪಾಳಿ ಬದಲಾಗುವ ಹೊತ್ತಿಗೆ ಹೋಗುತ್ತಿದ್ದೆವು. ಹೋಗುವವರು ಬರುವವರಿಗೆ ಏನನ್ನಾದರೂ ಬರೆದುಕೊಡುತ್ತಾರೆಯೇ, ಬಾಯಿಮಾತಿನಲ್ಲಾದರೂ ಹೇಳುತ್ತಾರೆಯೇ, ಅಥವಾ ಚೀಲ ಹೆಗಲಿಗೇರಿಸಿ ನಡೆದುಬಿಡುತ್ತಾರೆಯೇ ಎಂಬುದು ಆಗ ಕಾಣುತ್ತದೆ. ಕರೆಗಂಟೆ ಒತ್ತಿದರೆ ಎಷ್ಟು ಹೊತ್ತಿಗೆ ಬರುತ್ತಾರೆ, ರಾತ್ರಿ ಒಬ್ಬರಿಗೆ ಎಷ್ಟು ನಿವಾಸಿಗಳ ಹೊಣೆ, ಸಹಾಯಕಿ ರಜೆ ಹಾಕಿದರೆ ಬದಲಿಗೆ ಬರುವವರು ಯಾರು, ಸ್ನಾನ ಮತ್ತು ಶೌಚಕ್ಕೆ ಹೆಂಗಸರೇ ಬರುತ್ತಾರೆಂಬ ಭರವಸೆ ಬರವಣಿಗೆಯಲ್ಲಿದೆಯೇ, ಎಷ್ಟು ಗಂಟೆಗೆ ಏಳಬೇಕು ಮಲಗಬೇಕು ಎಂಬುದನ್ನು ನಿವಾಸಿ ನಿರ್ಧರಿಸುತ್ತಾರೆಯೇ ಅಥವಾ ಪಾಳಿಯ ಪಟ್ಟಿ ನಿರ್ಧರಿಸುತ್ತದೆಯೇ ಎಂಬ ಪ್ರಶ್ನೆಗಳನ್ನು ಗೆಳತಿಯೇ ಕೇಳಿದಳು. ಉತ್ತರ ಕೊಡುವಾಗ ಅವಳ ಮುಖ ನೋಡದೆ ನನ್ನ ಮುಖ ನೋಡಿ ಮಾತನಾಡಿದ ಕಡೆಗಳನ್ನು ಅವಳು ಎರಡನೆಯ ಮಾತಿಲ್ಲದೆ ಬಿಟ್ಟಳು. ಆಗ ನನಗೆ ಅದು ಸ್ವಲ್ಪ ಆತುರವೆನಿಸಿತ್ತು. ಈಗ ಯೋಚಿಸಿದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿರಲಿಲ್ಲ.

19ನೆಯ ವಿಧಿಯನ್ನು ವಿವರಿಸಿ ವಿಶ್ವಸಂಸ್ಥೆಯ ಸಂಬಂಧಪಟ್ಟ ಸಮಿತಿ 2017ರಲ್ಲಿ ಹೊರಡಿಸಿದ ಟಿಪ್ಪಣಿಯ ಒಂದು ಅಂಶ ಇಲ್ಲಿ ನೆರವಿಗೆ ಬಂತು. ಕಟ್ಟಡ ದೊಡ್ಡದಿರಲಿ ಸಣ್ಣದಿರಲಿ, ಸಹಾಯಕರನ್ನು ಆರಿಸುವ ಅವಕಾಶವಿಲ್ಲದಿರುವುದು, ದಿನಚರಿಯನ್ನು ಬೇರೆಯವರು ಹೇರುವುದು, ನಿತ್ಯದ ತೀರ್ಮಾನಗಳ ಮೇಲೆ ಹಿಡಿತವಿಲ್ಲದಿರುವುದು, ಇಂಥ ಲಕ್ಷಣಗಳಿದ್ದರೆ ಅದು ಮನೆಯಲ್ಲ, ಸಂಸ್ಥೆಯೇ ಎಂದು ಆ ಟಿಪ್ಪಣಿ ಹೇಳುತ್ತದೆ. ಎಂಟು ಜನರ ಮುದ್ದಾದ ಮನೆಯೂ ಹಾಗಿರಬಹುದು. ಇದೇ ವಿಚಾರವನ್ನು ದಶಕಗಳ ಹಿಂದೆ ಬದುಕಿ ತೋರಿಸಿದವರು ಅಮೆರಿಕದ ಎಡ್ ರಾಬರ್ಟ್ಸ್. ಪೋಲಿಯೊದಿಂದ ಕತ್ತಿನ ಕೆಳಗೆ ಹೆಚ್ಚುಕಡಿಮೆ ಪೂರ್ತಿ ಚಲನೆ ಕಳೆದುಕೊಂಡಿದ್ದ ಅವರು 1962ರಲ್ಲಿ ಬರ್ಕ್‌ಲಿಯ ವಿಶ್ವವಿದ್ಯಾಲಯಕ್ಕೆ ಸೇರಿದಾಗ, ಅವರ ಉಸಿರಾಟಕ್ಕೆ ಬೇಕಾದ ಭಾರಿ ತೂಕದ ಉಕ್ಕಿನ ಯಂತ್ರವನ್ನು ಇರಿಸುವಂಥ ವಿದ್ಯಾರ್ಥಿನಿಲಯ ಅಲ್ಲಿರಲಿಲ್ಲ. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲೇ ಅವರಿಗೆ ಜಾಗ ಕೊಟ್ಟರು. ಅದನ್ನು ಆಸ್ಪತ್ರೆಯೆಂದಲ್ಲ, ವಿದ್ಯಾರ್ಥಿನಿಲಯವೆಂದೇ ಪರಿಗಣಿಸಬೇಕೆಂದು ಅವರು ಪಟ್ಟುಹಿಡಿದರು. ಅವರೂ ಅವರ ಸಂಗಡಿಗರೂ ಸೇರಿ 1972ರಲ್ಲಿ ಅದೇ ಊರಿನಲ್ಲಿ ಸ್ವತಂತ್ರ ಬದುಕಿನ ಕೇಂದ್ರವನ್ನು ಕಟ್ಟಿದರು. ಎಲ್ಲವನ್ನೂ ತಾನೇ ಮಾಡಿಕೊಳ್ಳುವುದಲ್ಲ, ಯಾರು ಯಾವಾಗ ಹೇಗೆ ಮಾಡಬೇಕೆಂದು ತಾನೇ ಹೇಳುವುದು ಸ್ವಾತಂತ್ರ್ಯ ಎಂಬ ಆ ಚಳವಳಿಯ ತಿಳಿವಳಿಕೆಯನ್ನು ಗೆಳತಿ ತನ್ನ ಒಪ್ಪಂದಪತ್ರದೊಳಕ್ಕೆ ತಂದಳು.

ಒಪ್ಪಂದ ಎಂದಾಗ ಹೇಳಲೇಬೇಕಾದ ವಿಷಯವೊಂದಿದೆ. ಸಾಧ್ಯವಾದ ಕಡೆ ಮನೆಯ ಕರಾರು ಮತ್ತು ಆರೈಕೆಯ ಕರಾರು ಬೇರೆಬೇರೆಯಾಗಿರಬೇಕು. ಎರಡೂ ಒಬ್ಬರ ಕೈಯಲ್ಲೇ ಇದ್ದರೆ ಸಹಾಯಕಿಯ ಒರಟುತನದ ಬಗ್ಗೆ ದೂರು ಕೊಡುವವರು ತಮ್ಮ ಸೂರನ್ನೇ ಪಣಕ್ಕಿಟ್ಟು ದೂರು ಕೊಡಬೇಕಾಗುತ್ತದೆ. ಬಹಳಷ್ಟು ಜನ ಸುಮ್ಮನಿರುವುದಕ್ಕೆ ಇದೇ ಕಾರಣವೆಂದು ನನಗೆ ಅನಿಸುತ್ತದೆ. ನಮಗೆ ದೊರೆತ ವಸತಿಯಲ್ಲಿ ಮನೆ ಒಬ್ಬರದು, ಆರೈಕೆ ಸೇವೆ ಇನ್ನೊಬ್ಬರದು. ಸೇವೆ ಹಿಡಿಸದಿದ್ದರೆ ಅವಳು ಮನೆ ಬಿಡದೆಯೇ ಸೇವೆಯನ್ನು ಬದಲಿಸಬಹುದು.

ಸ್ಥಳಾಂತರಕ್ಕೆ ಮುಂಚಿನ ವಾರಗಳಲ್ಲಿ ನಾವು ಮಾಡಿದ ಅತಿ ಮುಖ್ಯ ಕೆಲಸವೆಂದರೆ ಒಂದು ನೋಟ್‌ಬುಕ್ ಬರೆದದ್ದು. ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಬೆಳಿಗ್ಗೆ ಕಣ್ಣು ಬಿಟ್ಟಾಗಿನಿಂದ ರಾತ್ರಿ ಮಗ್ಗುಲು ಬದಲಿಸುವವರೆಗೆ ಅವಳ ದೇಹಕ್ಕೆ ಏನೇನು ಬೇಕೋ ಅದೆಲ್ಲ ಹಳೆಯ ಆರೈಕೆದಾರರ ಕೈಗಳಲ್ಲಿ ರೂಢಿಯಾಗಿ ಕೂತಿತ್ತು, ಎಲ್ಲಿಯೂ ಬರವಣಿಗೆಯಲ್ಲಿರಲಿಲ್ಲ. ಹಾಸಿಗೆಯಲ್ಲಿ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಆದರೆ ಎಡ ಸೊಂಟದ ಹಳೆಯ ಗಾಯದ ಕಲೆಯ ಮೇಲೆ ಅಷ್ಟು ಹೊತ್ತೂ ಮಲಗಿಸಬಾರದು. ಕುರ್ಚಿಯಲ್ಲಿ ಅರ್ಧ ಗಂಟೆಯೊಳಗೆ ಒಮ್ಮೆಯಾದರೂ ಮುಂದಕ್ಕೋ ಪಕ್ಕಕ್ಕೋ ಬಾಗಿ ಆಸನದ ಮೇಲಿನ ಭಾರ ಇಳಿಸಬೇಕು, ಅವಳು ಮಾತಿನಲ್ಲಿ ಮುಳುಗಿದ್ದರೆ ನೆನಪಿಸಬೇಕು. ಗಾಳಿ ತುಂಬಿದ ದಿಂಬಿನ ಗಾಳಿ ಎಷ್ಟಿರಬೇಕೆಂದು ಕೈಯಿಂದ ಪರೀಕ್ಷಿಸುವ ರೀತಿ, ಕ್ಯಾಥೆಟರಿನ ಅಳತೆ ಮತ್ತು ಸಮಯ, ಮಲವಿಸರ್ಜನೆಯ ನಿಗದಿತ ಹೊತ್ತು, ಹಾಸಿಗೆಗೂ ಕುರ್ಚಿಗೂ ನಡುವೆ ಇಡುವ ಜಾರುಹಲಗೆಯ ಮೇಲೆ ದಾಟಿಸುವಾಗ ಕಂಕುಳಿಗೆ ಕೈಹಾಕಿ ಎತ್ತಬಾರದೆಂಬ ಎಚ್ಚರಿಕೆ, ಇವೆಲ್ಲ ಅದರಲ್ಲಿ ಸೇರಿದವು.

ಆ ನೋಟ್‌ಬುಕ್ಕಿನ ಮೊದಲ ಪುಟವನ್ನು ಒಂದೇ ವಿಷಯಕ್ಕೆ ಮೀಸಲಿಟ್ಟೆವು. ಎದೆಯ ಆರನೆಯ ಕಶೇರುವಿನ (ಬೆನ್ನೆಲುಬಿನ ಮಣಿಯ) ಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ ಬೆನ್ನುಹುರಿಗೆ ಪೆಟ್ಟಾದವರಲ್ಲಿ ಕೆಲವೊಮ್ಮೆ ರಕ್ತದೊತ್ತಡ ಏಕಾಏಕಿ ಅಪಾಯಕರವಾಗಿ ಏರುತ್ತದೆ. ಇದಕ್ಕೆ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂದು ಹೆಸರು. ತುಂಬಿದ ಮೂತ್ರಕೋಶ, ಮಡಿಚಿಕೊಂಡ ಕ್ಯಾಥೆಟರ್ ನಳಿಕೆ, ಮಲಬದ್ಧತೆ, ಒಂದೇ ಕಡೆ ಭಾರ ಬಿದ್ದು ಚರ್ಮದಲ್ಲಾಗುವ ಒತ್ತಡದ ಹುಣ್ಣು, ಕೊನೆಗೆ ಬಿಗಿಯಾದ ಬಟ್ಟೆ ಕೂಡ ಇದನ್ನು ಕೆರಳಿಸಬಹುದು. ತಲೆ ಸಿಡಿಯುವಂಥ ನೋವು, ಮುಖ ಕೆಂಪೇರುವುದು, ಪೆಟ್ಟಿನ ಮಟ್ಟದಿಂದ ಮೇಲೆ ಬೆವರು ಇವು ಲಕ್ಷಣಗಳು. ಇಂಥವರ ಎಂದಿನ ರಕ್ತದೊತ್ತಡವೇ ಉಳಿದವರಿಗಿಂತ ಕಡಿಮೆಯಿರುವುದರಿಂದ, ಬೇರೆಯವರಲ್ಲಿ ಸಹಜವೆನಿಸುವ ಅಂಕಿಯೂ ಅವರಲ್ಲಿ ಅಪಾಯದ ಸೂಚನೆಯಾಗಬಹುದು. ಕೂಡಲೇ ನೆಟ್ಟಗೆ ಕೂರಿಸಬೇಕು, ಬಟ್ಟೆ ಸಡಿಲಿಸಬೇಕು, ಮೂತ್ರದ ನಳಿಕೆಯಿಂದ ಆರಂಭಿಸಿ ಕಾರಣ ಹುಡುಕಬೇಕು, ಶಮನವಾಗದಿದ್ದರೆ ತುರ್ತು ಚಿಕಿತ್ಸೆಗೆ ಕರೆದೊಯ್ಯಬೇಕು. ತಲೆನೋವೆಂದು ಮಾತ್ರೆ ಕೊಟ್ಟು ಮಲಗಿಸುವುದು ಮಾಡಬಾರದ ಕೆಲಸ. ಹೊಸ ಸಹಾಯಕಿಯರಲ್ಲಿ ಕೆಲವರು ಇದನ್ನು ಮೊದಲು ಕೇಳಿಯೇ ಇರಲಿಲ್ಲ. ತನ್ನ ವೈದ್ಯರು ಪರಿಶೀಲಿಸಿ ಸಹಿ ಹಾಕಿದ ಮೇಲೆ ಆ ಪುಟದ ಒಂದು ಪ್ರತಿಯನ್ನು ಗೆಳತಿ ಹಾಸಿಗೆಯ ತಲೆಭಾಗದ ಗೋಡೆಗೆ ಅಂಟಿಸಿಕೊಂಡಳು.

ಸಾಮಾನು ಸಾಗಿಸಿದ ದಿನದ ಬಗ್ಗೆ ಹೇಳುವುದು ಕಡಿಮೆ. ಅವಳು ಹೊರಡುವ ಮೊದಲೇ ಹಾಸಿಗೆ, ಒತ್ತಡ ತಗ್ಗಿಸುವ ಮೆತ್ತೆ ಮತ್ತು ಸ್ನಾನದ ಕುರ್ಚಿ ಹೊಸ ಮನೆಯಲ್ಲಿ ಸಿದ್ಧವಿರಬೇಕು, ಏಕೆಂದರೆ ದಣಿದು ಬಂದವರಿಗೆ ಮೊದಲು ಬೇಕಾಗುವುದು ಇವೇ. ಗಾಲಿಕುರ್ಚಿ, ಅದರ ದಿಂಬು, ಔಷಧಿ, ಕ್ಯಾಥೆಟರುಗಳು ಮತ್ತು ನೋಟ್‌ಬುಕ್ ಸಾಮಾನಿನ ಲಾರಿಗೆ ಹೋಗಕೂಡದು, ಅವಳ ಜೊತೆಯಲ್ಲೇ ಇರಬೇಕು. ಹೊಸ ಸಹಾಯಕಿಯರಿಬ್ಬರು ಮುಂಚಿತವಾಗಿ ಬಂದು, ನಡುವಿನ ದಿನಗಳಿಗೆಂದು ನಾವು ಗೊತ್ತುಮಾಡಿದ್ದ ದಾದಿಯ ಜೊತೆ ನಿಂತು ಕೆಲಸ ಕಲಿತಿದ್ದರು. ಈ ಕೂಡುಪಾಳಿಗೆ ಹೆಚ್ಚುವರಿ ಹಣ ತೆರಬೇಕಾಯಿತು, ಗೆಳೆಯರೆಲ್ಲ ಸೇರಿ ಹಂಚಿಕೊಂಡೆವು. ಇಡೀ ಸ್ಥಳಾಂತರದಲ್ಲಿ ಅದಕ್ಕಿಂತ ಸಾರ್ಥಕವಾದ ಖರ್ಚು ಇನ್ನೊಂದಿರಲಿಲ್ಲ.

ಬಂದ ಮೇಲಿನ ಮೊದಲ ವಾರಗಳು ನಾವು ಎಣಿಸಿದ್ದಕ್ಕಿಂತ ಕಷ್ಟವಾಗಿದ್ದವು. ಹೊಸ ಹಾಸಿಗೆ, ಹೊಸ ಕೈಗಳು ಬಂದಾಗ ಚರ್ಮ ಮೊದಲು ದೂರು ಹೇಳುತ್ತದೆ. ಬೆಳಿಗ್ಗೆ ಸಂಜೆ ಕನ್ನಡಿ ಹಿಡಿದು ಬೆನ್ನಿನ ಕೆಳಭಾಗ ಮತ್ತು ಹಿಮ್ಮಡಿಗಳನ್ನು ನೋಡಿಕೊಳ್ಳುವ ಅಭ್ಯಾಸ ಅವಳಿಗಿತ್ತು. ಒತ್ತಿದರೂ ಬಣ್ಣ ಬದಲಾಗದ ಒಂದು ಗುರುತು ಹಿಮ್ಮಡಿಯಲ್ಲಿ ಕಂಡಾಗ, ಆ ಭಾಗಕ್ಕೆ ಭಾರವೇ ಬೀಳದಂತೆ ಮಾಡಿ ಹುಣ್ಣಾಗುವುದನ್ನು ತಪ್ಪಿಸಿಕೊಂಡಳು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಹಳೆಯ ಮನೆಯಲ್ಲಿ ಭಯದಿಂದ ಎಚ್ಚರವಿರುತ್ತಿದ್ದವಳು ಇಲ್ಲಿ ಕರೆಗಂಟೆ ಒತ್ತಿದರೆ ನಿಜವಾಗಿಯೂ ಯಾರಾದರೂ ಬರುತ್ತಾರೆಯೇ ಎಂದು ಪರೀಕ್ಷಿಸಲು ಎಚ್ಚರವಿರುತ್ತಿದ್ದಳು. ಕೆಲವೊಮ್ಮೆ ಏನೂ ಬೇಕಿಲ್ಲದಿದ್ದರೂ ಒತ್ತುತ್ತಿದ್ದಳಂತೆ. ರಾತ್ರಿ ಪಾಳಿಯ ಸಹಾಯಕಿ ಅದನ್ನು ಅರ್ಥಮಾಡಿಕೊಂಡು, ಮುಖ ಸಿಂಡರಿಸದೆ ಬಂದು, ನೀರು ಬೇಕೇ ಎಂದು ಕೇಳಿ ಹೋಗುತ್ತಿದ್ದರು. ಆ ಹೆಂಗಸಿನ ಬಗ್ಗೆ ನನಗೆ ಬಹಳ ಗೌರವವಿದೆ.

ನಾವು ಗೆಳೆಯರು ಹಿಂದೆ ಸರಿಯುವುದನ್ನೂ ಕಲಿಯಬೇಕಿತ್ತು. ಮೊದಮೊದಲು ಸಹಾಯಕಿಯರು ಏನೇ ಇದ್ದರೂ ನನಗೆ ಫೋನ್ ಮಾಡುತ್ತಿದ್ದರು. “ಅವರನ್ನೇ ಕೇಳಿ, ಅಲ್ಲೇ ಇದ್ದಾರಲ್ಲ” ಎಂದು ಹೇಳಿ ಹೇಳಿ ಅದು ನಿಂತಿತು. ತುರ್ತಿಗೆ ಕರೆಯಬೇಕಾದವರ ಪಟ್ಟಿಯಲ್ಲಿ ನನ್ನ ಹೆಸರು ಇನ್ನೂ ಇದೆ, ಬ್ಯಾಂಕಿನ ವ್ಯವಹಾರದಲ್ಲಿ ಮಾತ್ರ ಯಾರ ಹೆಸರೂ ಇಲ್ಲ. ಆರೈಕೆ ಸೇವೆಯ ಮೇಲ್ವಿಚಾರಕಿಯೊಂದಿಗೆ ತಿಂಗಳಿಗೊಮ್ಮೆ ನಡೆಯುವ ಪರಿಶೀಲನೆಯನ್ನು ಗೆಳತಿಯೇ ನಡೆಸುತ್ತಾಳೆ. ಹಿಂದಿನ ತಿಂಗಳು ಒಬ್ಬ ಸಹಾಯಕಿ ತನ್ನನ್ನು ಕೇಳದೆ ಕುರ್ಚಿಯನ್ನು ಹಿಂದಿನಿಂದ ತಳ್ಳುತ್ತಾರೆಂದು ಅವಳು ದೂರಿದಳು. ತಿಳಿಹೇಳಿದರೂ ಸರಿಹೋಗದಿದ್ದುದರಿಂದ ಬೇರೊಬ್ಬರನ್ನು ಕಳುಹಿಸಿದರು. ಈ ಸಲ ಅವಳ ಪಟ್ಟಿಯಲ್ಲಿರುವುದು ಬೆಳಗಿನ ಸ್ನಾನವನ್ನು ಒಂದು ಗಂಟೆ ಮುಂದೂಡುವುದು ಮತ್ತು ಬಚ್ಚಲುಮನೆಯ ಕನ್ನಡಿಯನ್ನು ಕೂತವರಿಗೆ ಕಾಣುವಷ್ಟು ಕೆಳಗಿಳಿಸುವುದು. ಕನ್ನಡಿಯ ಕೆಲಸ ಮನೆಯವರದೋ ಆರೈಕೆ ಸೇವೆಯವರದೋ ಎಂಬ ತಕರಾರು ಸದ್ಯಕ್ಕೆ ನಡೆಯುತ್ತಿದೆ.